ಒಂದನೇ ಕ್ಲಾಸಿಗೆ ಹೋಮ್‌ವರ್ಕ್ ಇಲ್ಲ ಎಂದಮೇಲೆ ಮನೆಯ ಪಾಲು ಏನು?

ಸಣ್ಣ ಮಕ್ಕಳಿರುವ ಮನೆಗಳಿಗೆ ಎರಡು ಬಗೆಯ ಸುದ್ದಿ ಹೆಚ್ಚುಕಡಿಮೆ ಒಟ್ಟಿಗೇ ತಲುಪುತ್ತವೆ. ಒಂದು ಮತ್ತು ಎರಡನೇ ತರಗತಿಗೆ ಹೋಮ್‌ವರ್ಕ್ ಕೊಡುವಂತಿಲ್ಲ, ಬ್ಯಾಗಿನ ಭಾರ ಇಷ್ಟು ಮೀರುವಂತಿಲ್ಲ ಎಂದು ಸರ್ಕಾರ ಹೇಳುತ್ತದೆ. ಮೂರನೇ ತರಗತಿಗೆ ಬಂದರೂ ಮಕ್ಕಳಿಗೆ ಓದಲು ಬರುತ್ತಿಲ್ಲ ಎಂದು ಸಮೀಕ್ಷೆ ಹೇಳುತ್ತದೆ. ಇವೆರಡನ್ನೂ ಓದಿ ಮುಗಿಸಿ ಮಗುವಿನ ಡೈರಿ ತೆರೆದರೆ ಅಲ್ಲಿ ‘ನಾಳೆಗೆ ಎರಡು ಪುಟ ಬರೆದು ತರುವುದು’ ಎಂಬ ಸಾಲು ಎಂದಿನಂತೆ ಕಾದಿರುತ್ತದೆ.

ಈಗ ಗೊಂದಲ ಹೆಚ್ಚಲು ಇನ್ನೊಂದು ಕಾರಣವಿದೆ. ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದಬೇಕು, ಸರಳ ಲೆಕ್ಕ ಮಾಡಬೇಕು ಎಂದು ಕೇಂದ್ರ ಸರ್ಕಾರ ಹಾಕಿಕೊಂಡ ಗಡುವು 2026–27. ಗಡುವು ಹತ್ತಿರ ಬಂದಂತೆ ಮೌಲ್ಯಮಾಪನದ ಮಾತು ಜೋರಾಗುತ್ತದೆ, ಆ ಒತ್ತಡ ಶಾಲೆಯಿಂದ ಮನೆಗೆ ಇಳಿಯುತ್ತದೆ. ಮನೆಯವರ ಪ್ರಶ್ನೆ ಸರಳವಾದದ್ದು: ನಾವು ಕೂತು ಹೇಳಿಕೊಡಬೇಕೋ, ಬೇಡವೋ? ಹೇಳಿಕೊಡುವುದಾದರೆ ಏನನ್ನು?

ಹೋಮ್‌ವರ್ಕ್ ಬೇಡ ಎಂಬ ನಿಯಮವನ್ನು ಮನೆಗೆ ಏನೂ ಕೆಲಸವಿಲ್ಲ ಎಂದು ಓದಿಕೊಂಡದ್ದರಿಂದಲೇ ಅರ್ಧ ಗೊಂದಲ ಹುಟ್ಟಿದೆ. ಉಳಿದರ್ಧ, ಕಲಿಕೆ ಎಂದರೆ ನೋಟ್‌ಬುಕ್ಕಿನಲ್ಲಿ ಕಾಣುವಂಥದ್ದು ಎಂಬ ನಮ್ಮ ಹಳೆಯ ನಂಬಿಕೆಯಿಂದ ಬಂದದ್ದು.

ನಿಯಮ ಬಂದ ದಾರಿ

2018ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಆದೇಶ ಕೊಟ್ಟಿತು. ಒಂದು ಮತ್ತು ಎರಡನೇ ತರಗತಿಯ ಮಕ್ಕಳಿಗೆ ಹೋಮ್‌ವರ್ಕ್ ಕೊಡಬಾರದು, ಆ ತರಗತಿಗಳಲ್ಲಿ ಭಾಷೆ ಮತ್ತು ಗಣಿತ ಬಿಟ್ಟು ಬೇರೆ ವಿಷಯ ಕಡ್ಡಾಯ ಮಾಡಬಾರದು ಎಂಬುದು ಅದರ ತಿರುಳು. ಅದೇ ವರ್ಷ ನವೆಂಬರಿನಲ್ಲಿ ಕೇಂದ್ರ ಮಾನವ ಸಂಪನ್ಮೂಲ ಸಚಿವಾಲಯ ಇದನ್ನೇ ಎಲ್ಲ ರಾಜ್ಯಗಳಿಗೆ ಬರೆಯಿತು. 2019ರಲ್ಲಿ ಕರ್ನಾಟಕವೂ ಬ್ಯಾಗಿನ ಭಾರಕ್ಕೆ ಮಿತಿ ಹಾಕಿತು. ಒಂದು–ಎರಡನೇ ತರಗತಿಗೆ ಒಂದೂವರೆಯಿಂದ ಎರಡು ಕಿಲೋ. 2023ರಲ್ಲಿ ಅದೇ ಸೂಚನೆಯನ್ನು ಮತ್ತೆ ಹೊರಡಿಸಬೇಕಾಯಿತು. ಮೊದಲ ಸಲದ್ದು ಎಷ್ಟರಮಟ್ಟಿಗೆ ಪಾಲನೆಯಾಗಿತ್ತು ಎನ್ನಲು ಬೇರೆ ಪುರಾವೆ ಬೇಡ.

2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಇನ್ನಷ್ಟು ವಿವರವಾಗಿದೆ. ಎರಡನೇ ತರಗತಿವರೆಗೆ ಹೋಮ್‌ವರ್ಕ್ ಇಲ್ಲ. ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ, ಗಮನಿಸಿ, ದಿನಕ್ಕಲ್ಲ. ಈ ನೀತಿಯಲ್ಲಿ ಯಾರೂ ಚರ್ಚಿಸದ ಒಂದು ಸಾಲು ಇದೆ. ಹೋಮ್‌ವರ್ಕ್ ಬದಲು ಒಂದು–ಎರಡನೇ ತರಗತಿಯ ಮಕ್ಕಳು ಸಂಜೆ ಮನೆಯಲ್ಲಿ ಹೇಗೆ ಕಳೆದರು, ಯಾವ ಆಟ ಆಡಿದರು, ಏನು ಊಟ ಮಾಡಿದರು ಎಂಬುದನ್ನು ತರಗತಿಯಲ್ಲಿ ಹೇಳಲು ಪ್ರೋತ್ಸಾಹಿಸಬೇಕು ಎನ್ನುತ್ತದೆ ಅದು. ಅಂದರೆ ನೀತಿ ಬರವಣಿಗೆಯನ್ನು ತೆಗೆದು ಆ ಜಾಗದಲ್ಲಿ ಮಾತನ್ನು ಇಟ್ಟಿದೆ. ಸುದ್ದಿಯಲ್ಲಿ ತೆಗೆದದ್ದು ಮಾತ್ರ ಬಂತು, ಇಟ್ಟದ್ದು ಬರಲಿಲ್ಲ.

ಗುರಿ ಬಂದ ದಾರಿ

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಕರೆಯಿತು. ಇದರ ಬೆನ್ನಿಗೆ 2021ರ ಜುಲೈ 5ರಂದು ಕೇಂದ್ರದ ‘ನಿಪುಣ್ ಭಾರತ್’ ಯೋಜನೆ ಶುರುವಾಯಿತು, 2026–27ರ ಗಡುವು ಇದರದ್ದೇ. ಒಂದನೇ ತರಗತಿ ಮುಗಿಯುವ ಹೊತ್ತಿಗೆ ನಾಲ್ಕೈದು ಸರಳ ಪದಗಳ ವಾಕ್ಯ ಓದುವುದು, 99ರವರೆಗೆ ಸಂಖ್ಯೆ ಓದಿ ಬರೆಯುವುದು. ಎರಡನೆಯದರಲ್ಲಿ ನಿಮಿಷಕ್ಕೆ 45ರಿಂದ 60 ಪದ. ಮೂರನೆಯದರಲ್ಲಿ ಕನಿಷ್ಠ 60 ಪದ, ಅರ್ಥಸಹಿತ. ಹೀಗೆ ಸಾಗುತ್ತದೆ ಅದರ ಪಟ್ಟಿ.

ವಾಸ್ತವ ಇನ್ನೂ ದೂರದಲ್ಲಿದೆ. ಪ್ರಥಮ್ ಸಂಸ್ಥೆ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸುವ ‘ಅಸರ್’ ಸಮೀಕ್ಷೆಯ ಪ್ರಕಾರ, ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳಲ್ಲಿ ಮೂರನೇ ತರಗತಿಯಲ್ಲಿದ್ದು ಎರಡನೇ ತರಗತಿ ಮಟ್ಟದ ಪಾಠ ಓದಬಲ್ಲ ಮಕ್ಕಳು 2022ರಲ್ಲಿ ಶೇ 16.3, 2024ರಲ್ಲಿ ಶೇ 23.4. ಏರಿಕೆ ನಿಜ, ಸಣ್ಣದೂ ಅಲ್ಲ. ಆದರೂ ನಾಲ್ವರಲ್ಲಿ ಮೂವರು ಹಿಂದೆ ಇದ್ದಾರೆ.

ನಿಮಿಷಕ್ಕೆ ಇಷ್ಟು ಪದ ಎಂಬ ಲೆಕ್ಕವನ್ನು ಓದಿ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂರುವವರಿಗೆ ಒಂದು ಎಚ್ಚರಿಕೆ ಬೇಕು. ಕನ್ನಡದಲ್ಲಿ ವಿಭಕ್ತಿ, ಕಾಲ, ಬಹುವಚನ ಎಲ್ಲವೂ ಪದದ ಬಾಲಕ್ಕೇ ಅಂಟಿಕೊಳ್ಳುತ್ತವೆ. ‘ಶಾಲೆಯಲ್ಲಿರುವವರಿಗೆ’ ಎಂಬುದು ಲೆಕ್ಕಕ್ಕೆ ಒಂದೇ ಪದ. ಪುಟ್ಟ ಪುಟ್ಟ ಪದಗಳ ಭಾಷೆಯೊಂದಿಗೆ ಇದನ್ನು ತೂಗಲಾಗದು. 2022ರ ಬುನಾದಿ ಕಲಿಕಾ ಅಧ್ಯಯನ 20 ಭಾಷೆಗಳಿಗೆ ಪ್ರತ್ಯೇಕ ಮಾನದಂಡ ರೂಪಿಸಿದ್ದು ಭಾಷೆಗಳ ನಡುವಿನ ಇಂಥ ವ್ಯತ್ಯಾಸಗಳಿಂದಲೇ.

ಯಾರ ವಾದ ಏನು

ಹೋಮ್‌ವರ್ಕ್ ಬೇಡ ಎನ್ನುವವರ ಬಳಿ ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು ಮಗುವಿನದು: ಆರು ವರ್ಷದ ಮಗು ಐದಾರು ಗಂಟೆ ಶಾಲೆಯಲ್ಲಿ ಕೂತು ಬಂದಿರುತ್ತದೆ, ಸಂಜೆ ಅದಕ್ಕೆ ಆಟ ಬೇಕು. ಆರು ದಾಟಿದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ನಿದ್ರಾ ತಜ್ಞರು ಹೇಳುತ್ತಾರೆ. ಎರಡನೆಯದು ನ್ಯಾಯದ ಪ್ರಶ್ನೆ. ಆರರ ಮಗು ಹೋಮ್‌ವರ್ಕನ್ನು ಒಂಟಿಯಾಗಿ ಮಾಡುವುದಿಲ್ಲ, ಪಕ್ಕದಲ್ಲಿ ದೊಡ್ಡವರು ಬೇಕು. ಹಾಗಾಗಿ ಅದು ಮಗುವಿನ ಪರೀಕ್ಷೆ ಎನ್ನುವುದಕ್ಕಿಂತ ಮನೆಯ ಪರೀಕ್ಷೆ. ತಾಯಿ ಓದಿಲ್ಲದ, ತಂದೆ ರಾತ್ರಿ ಪಾಳಿಗೆ ಹೋಗುವ ಮನೆಯ ಮಗು ಶಾಲೆಗೆ ಕಾಲಿಡುವ ಮೊದಲೇ ಹಿಂದೆ ಬೀಳುತ್ತದೆ.

ಸಂಶೋಧನೆಯ ಬಲವೂ ಈ ಕಡೆಗೇ ಇದೆ. ಹೋಮ್‌ವರ್ಕ್ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಹೋಮ್‌ವರ್ಕಿಗೂ ಸಾಧನೆಗೂ ಇರುವ ನಂಟು ಪ್ರೌಢಶಾಲೆಯಲ್ಲಿ ಗಟ್ಟಿಯಾಗಿ, ಪ್ರಾಥಮಿಕ ಹಂತದಲ್ಲಿ ತೀರಾ ತೆಳ್ಳಗೆ ಕಂಡಿತು. ಇದಕ್ಕೂ ಒಂದು ‘ಆದರೆ’ ಇದೆ: ಕಲಿಕೆಯಲ್ಲಿ ತಿಣುಕುವ ಸಣ್ಣ ಮಕ್ಕಳೇ ಹೋಮ್‌ವರ್ಕಿಗೆ ಹೆಚ್ಚು ಹೊತ್ತು ಹಿಡಿಯುತ್ತಾರೆ, ಹಾಗಾಗಿ ಬರೀ ಸಮಯ ಅಳೆದು ತೀರ್ಪು ಕೊಡುವುದು ಕಷ್ಟ.

ಬೇಕು ಎನ್ನುವವರನ್ನು ತಳ್ಳಿಹಾಕುವುದೂ ಸರಿಯಲ್ಲ. ಒಬ್ಬರೇ ಶಿಕ್ಷಕಿ ಎರಡು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಶಾಲೆಯಲ್ಲಿ ಪ್ರತಿ ಮಗುವಿನ ಪಕ್ಕ ಕೂತು ಓದಿಸುವಷ್ಟು ಹೊತ್ತು ಸಿಗುವುದಿಲ್ಲ. ಮಾಡಿ ಮಾಡಿ ಬರುವ ಕೌಶಲಕ್ಕೆ ಮಾಡುವ ಅವಕಾಶ ಬೇಕೇ ಬೇಕು ಎಂಬ ಅವರ ಮಾತಿನಲ್ಲಿ ಹುರುಳಿದೆ. ಖಾಸಗಿ ಶಾಲೆಗಳದ್ದು ಇನ್ನೊಂದು ಕಥೆ: ಶುಲ್ಕ ಕಟ್ಟಿದವರು ಏನಾದರೂ ಕಣ್ಣಿಗೆ ಕಾಣಬೇಕು ಎನ್ನುತ್ತಾರೆ. ತುಂಬಿದ ನೋಟ್‌ಬುಕ್ ಒಂದು ರಸೀದಿ ಇದ್ದ ಹಾಗೆ. ಹೋಮ್‌ವರ್ಕ್ ನಿಲ್ಲಿಸಿದ ಶಾಲೆಗೆ ‘ಅಲ್ಲಿ ಏನೂ ಹೇಳಿಕೊಡಲ್ಲ’ ಎಂಬ ಹೆಸರು ಬರುತ್ತದೆಂಬ ಭಯ ಆಡಳಿತ ಮಂಡಳಿಗಿದೆ, ಆ ಭಯ ಸುಳ್ಳೂ ಅಲ್ಲ.

ಹತ್ತು ಸಲ ‘ಕಮಲ’

ಕಾಪಿ ಬರೆಸುವುದರಿಂದ ಏನಾಗುತ್ತದೆ ಎಂದು ತಿಳಿಯಲು ಮಗು ಬರೆಯುವಾಗ ಪಕ್ಕದಲ್ಲಿ ಸುಮ್ಮನೆ ಕೂತು ನೋಡಿದರೆ ಸಾಕು. ‘ಕಮಲ’ ಎಂದು ಹತ್ತು ಸಲ ಬರೆಯಲು ಹೇಳಿದ್ದಾರೆ. ಮಗು ಮೊದಲು ಮೇಲಿನಿಂದ ಕೆಳಕ್ಕೆ ಹತ್ತು ‘ಕ’ ಬರೆಯುತ್ತದೆ. ಆಮೇಲೆ ಅದರ ಪಕ್ಕದಲ್ಲಿ ಹತ್ತು ‘ಮ’. ಕೊನೆಗೆ ಹತ್ತು ‘ಲ’. ಪುಟ ತುಂಬಿತು, ಅಕ್ಷರ ದುಂಡಗಿದೆ, ‘ಗುಡ್’ ಕೂಡ ಬೀಳುತ್ತದೆ. ಆದರೆ ಆ ಹತ್ತರಲ್ಲಿ ಒಂದು ಸಲವೂ ಮಗು ‘ಕಮಲ’ ಎಂಬ ಪದವನ್ನು ಬರೆದಿಲ್ಲ, ಓದಿಯೂ ಇಲ್ಲ.

ಇದನ್ನು ಸೋಮಾರಿತನ ಎಂದು ಬೈಯುವ ಹಾಗಿಲ್ಲ. ಅರ್ಥವಿಲ್ಲದ ಕೆಲಸವನ್ನು ಬೇಗ ಮುಗಿಸುವ ಉಪಾಯ ಅದು, ದೊಡ್ಡವರಾದರೂ ಹಾಗೇ ಮಾಡುತ್ತಿದ್ದರು. ಕೈ ಮಾಡಿದ್ದು ಕೈಗೆ ಮಾತ್ರ ಬಂತು, ಕಿವಿಗೆ, ಬಾಯಿಗೆ, ಅರ್ಥಕ್ಕೆ ಏನೂ ಸೇರಲಿಲ್ಲ. ಅದೇ ಮಗುವಿಗೆ ‘ಕಮಲ’ವನ್ನು ಒಮ್ಮೆ ತೋರಿಸಿ, ಪುಸ್ತಕ ಮುಚ್ಚಿ, ನೆನಪಿನಿಂದ ಒಂದೇ ಸಲ ಬರೆಯಲು ಹೇಳಿ, ಆಮೇಲೆ ತೆರೆದು ತಾನೇ ಹೋಲಿಸಿ ನೋಡಲಿ. ಒಂದು ನಿಮಿಷದ ಕೆಲಸ. ನಾಳೆ ಮತ್ತೆ ಒಮ್ಮೆ, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ನೆನಪಿನಿಂದ ಎಳೆದು ತೆಗೆಯುವಾಗ, ಅದೂ ಸ್ವಲ್ಪ ಅಂತರ ಬಿಟ್ಟು ತೆಗೆಯುವಾಗ ಕಲಿತದ್ದು ನಿಲ್ಲುತ್ತದೆ ಎಂಬುದು ನೆನಪಿನ ಬಗ್ಗೆ ನಡೆದ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಖಚಿತಪಟ್ಟ ಸಂಗತಿ.

ಓದಿನಲ್ಲೂ ಇಂಥದ್ದೇ ಒಂದು ಮೋಸ ನಡೆಯುತ್ತದೆ. ಮಗು ಪಾಠವನ್ನು ಗಡಗಡ ಒಪ್ಪಿಸುತ್ತದೆ, ಬೆರಳು ಸಾಲಿನ ಮೇಲೆ ಓಡುತ್ತದೆ, ಆದರೆ ಬೆರಳು ಒಂದು ಪದದ ಮೇಲೆ, ಬಾಯಿ ಇನ್ನೊಂದರಲ್ಲಿ. ಪಾಠ ಬಾಯಿಪಾಠವಾಗಿದೆ ಅಷ್ಟೆ. ಸಾಲಿನ ನಡುವಿನ ಒಂದು ಪದ ಮಾತ್ರ ಕಾಣುವಂತೆ ಉಳಿದದ್ದನ್ನು ಕೈಯಿಂದ ಮುಚ್ಚಿ ‘ಇದೇನು?’ ಎಂದು ಕೇಳಿದರೆ ಗೊತ್ತಾಗಿಬಿಡುತ್ತದೆ. ಪುಟ ಎಣಿಸುವ ವ್ಯವಸ್ಥೆಗೆ ಇದು ಎರಡು ವರ್ಷ ಕಾಣಿಸದೆ ಉಳಿದು, ಮೂರನೇ ತರಗತಿಯಲ್ಲಿ ಹೊಸ ಪುಸ್ತಕ ಬಂದಾಗ ಒಮ್ಮೆಲೇ ಬಯಲಾಗುತ್ತದೆ. ಆಗ ಎಲ್ಲರೂ ‘ಎರಡನೇ ಕ್ಲಾಸಿನವರೆಗೆ ಚೆನ್ನಾಗಿ ಓದುತ್ತಿತ್ತು’ ಎನ್ನುತ್ತಾರೆ.

ಕನ್ನಡ ಓದು ಹೊತ್ತು ಹಿಡಿಯುವುದು ಸಹಜ

ಇಂಗ್ಲಿಷಿನ 26 ಅಕ್ಷರ ಯುಕೆಜಿಯಲ್ಲೇ ಮುಗಿಯಿತು, ಕನ್ನಡ ಇನ್ನೂ ಬರುತ್ತಿಲ್ಲ ಎಂಬ ದೂರು ಮಾಮೂಲಿ. ಹೋಲಿಕೆಯೇ ತಪ್ಪು. ಕನ್ನಡದ ವರ್ಣಮಾಲೆಯಲ್ಲಿರುವುದು 49 ಅಕ್ಷರ. ಆದರೆ ಮಗು ಪುಟದ ಮೇಲೆ ಕಾಣುವುದು ಬರೀ ವರ್ಣಮಾಲೆಯನ್ನಲ್ಲ. 34 ವ್ಯಂಜನಗಳಿಗೂ ‘ಕ’ದಿಂದ ‘ಕಃ’ವರೆಗಿನ ಹದಿನೈದು ರೂಪ ಹಿಡಿದರೆ ಕಾಗುಣಿತವೇ 510 ಆಗುತ್ತದೆ. ಅದರ ಮೇಲೆ ಒತ್ತಕ್ಷರ. ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ಚಿಕ್ಕ ರೂಪಗಳೇ, ನೋಡಿದರೆ ಗುರುತು ಸಿಗುತ್ತದೆ. ಆದರೆ ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲಕ್ಕೂ ಮುಖಪರಿಚಯವೇ ಇಲ್ಲ. ದುರದೃಷ್ಟಕ್ಕೆ ದಿನಬಳಕೆಯಲ್ಲಿ ಹೆಚ್ಚು ಬರುವುದು ಇವೇ.

ಇನ್ನೂ ಒಂದು ತೊಡಕನ್ನು ಓದು ಬಲ್ಲ ನಾವು ಗಮನಿಸುವುದೇ ಇಲ್ಲ. ‘ಶಕ್ತಿ’ ಎಂಬ ಪದವನ್ನು ಮಗುವಿನ ಕಣ್ಣಿಂದ ನೋಡಿ. ಬಾಯಲ್ಲಿ ‘ಇ’ ಬರುವುದು ‘ತ’ ಆದಮೇಲೆ. ಬರಹದಲ್ಲಿ ಗುಡಿಸು ಇರುವುದು ‘ಕ’ದ ತಲೆಯ ಮೇಲೆ, ‘ತ’ ಕೆಳಗೆ ಒತ್ತಾಗಿ ಕೂತಿದೆ. ಹಾಗಾಗಿ ಮಗು ‘ಶಕಿತ’ ಎಂದು ಓದಿದರೆ, ಅದು ತಾನು ಕಲಿತ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸಿದೆ ಎಂದೇ ಅರ್ಥ. ‘ಸೂರ್ಯ’ದ ಅರ್ಕಾವೊತ್ತು ಇದಕ್ಕೆ ತದ್ವಿರುದ್ಧ: ಮೊದಲು ಉಚ್ಚರಿಸುವ ‘ರ್’ ಬರೆಯುವಾಗ ‘ಯ’ದ ಹಿಂದೆ ಹೋಗಿ ನಿಲ್ಲುತ್ತದೆ.

ಕನ್ನಡ ಕಲಿಯುವ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರ 2007ರ ಸಂಶೋಧನೆ ಇದನ್ನೇ ಹೇಳುತ್ತದೆ: ಕನ್ನಡದಂಥ ಅಕ್ಷರ ಲಿಪಿಯಲ್ಲಿ ಚಿಹ್ನೆಗಳ ಮೇಲಿನ ಹಿಡಿತ ಒಂದು–ಎರಡನೇ ತರಗತಿಗೆ ಮುಗಿಯುವುದಿಲ್ಲ, ಮುಂದಿನ ತರಗತಿಗಳಿಗೂ ಚಾಚಿಕೊಳ್ಳುತ್ತದೆ. ಇದರ ಪರಿಣಾಮವನ್ನು ಮನೆಯವರು ಅರಿತಿದ್ದರೆ ಅರ್ಧ ಜಗಳ ಕಡಿಮೆಯಾಗುತ್ತದೆ. ಒಂದನೇ ತರಗತಿಯ ಡಿಸೆಂಬರಿನಲ್ಲಿ ಒತ್ತಕ್ಷರ ಬರದಿದ್ದರೆ ಗಾಬರಿ ಬೇಡ. ‘ವ’, ‘ಪ’, ‘ಮ’, ‘ಷ’ ಅದಲುಬದಲಾದರೆ ಆ ವಯಸ್ಸಿನಲ್ಲಿ ಅದು ರೋಗಲಕ್ಷಣ ಅಲ್ಲ. ಐನೂರ ಹತ್ತನ್ನು ಬಾಯಿಪಾಠ ಮಾಡಿಸುವ ಬದಲು, ಗುಡಿಸು ಎಲ್ಲಿ ಕೂತರೂ ‘ಇ’ ಎನ್ನುತ್ತದೆ ಎಂಬ ಸೂತ್ರ ತಲೆಗೆ ಹತ್ತಿದರೆ ಒಂದೇ ಏಟಿಗೆ ಹತ್ತಾರು ಅಕ್ಷರಗಳು ಬರುತ್ತವೆ.

ಕಿವಿಯ ಕೆಲಸ ಮನೆಯದು

ಓದು ಎಂಬುದು ಎರಡು ಸಾಮರ್ಥ್ಯಗಳ ಗುಣಾಕಾರ ಎಂದು 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ವಾದಿಸಿದರು. ಒಂದು, ಬರಹವನ್ನು ಧ್ವನಿಯಾಗಿಸುವುದು. ಇನ್ನೊಂದು, ಆ ಧ್ವನಿ ಕೇಳಿದಾಗ ಅರ್ಥವಾಗುವುದು. ಕೂಡುವ ಲೆಕ್ಕವಾಗಿದ್ದರೆ ಒಂದು ಕಡಿಮೆಯಿದ್ದರೂ ಇನ್ನೊಂದು ಕೈಹಿಡಿಯುತ್ತಿತ್ತು. ಗುಣಿಸುವ ಲೆಕ್ಕದಲ್ಲಿ ಯಾವುದೇ ಒಂದು ಸೊನ್ನೆಯಾದರೂ ಉತ್ತರ ಸೊನ್ನೆಯೇ.

ಮೊದಲನೆಯದನ್ನು ಶಾಲೆ ಕ್ರಮವಾಗಿ ಕಲಿಸಬೇಕು, ಅದಕ್ಕೆ ತರಬೇತಿ ಪಡೆದ ಶಿಕ್ಷಕರಿದ್ದಾರೆ. ಎರಡನೆಯದರಲ್ಲಿ ಮನೆಯ ಕೈ ಮೇಲು. ನಲವತ್ತು ಮಕ್ಕಳ ತರಗತಿಯಲ್ಲಿ ಒಂದು ಮಗುವಿಗೆ ದಿನಕ್ಕೆ ಎಷ್ಟು ನಿಮಿಷ ಮಾತಾಡಲು ಸಿಗಬಹುದು? ಮನೆಯಲ್ಲಿ ಬಟ್ಟೆ ಮಡಿಸುವಾಗ, ಬಸ್ಸಿಗೆ ಕಾಯುವಾಗ ಸಿಗುವಷ್ಟು ಖಂಡಿತ ಇಲ್ಲ. ಆದರೆ ನಾವು ಕೇಳುವುದು ‘ಇವತ್ತು ಏನು ಬರೆಸಿದ್ರು?’ ಎಂದು. ಉತ್ತರ ಒಂದೇ ಪದದಲ್ಲಿ ಮುಗಿಯುತ್ತದೆ. ‘ಇವತ್ತು ಯಾರಾದ್ರೂ ಬಿದ್ರಾ? ಆಮೇಲೇನಾಯ್ತು?’ ಎಂದು ಕೇಳಿದರೆ ಮಗು ಮೊದಲು, ಆಮೇಲೆ, ಅದಕ್ಕೇ, ಆದರೆ ಎಂದೆಲ್ಲ ಜೋಡಿಸಿ ಹೇಳಬೇಕಾಗುತ್ತದೆ. ನಾಳೆ ಪಾಠದ ಪ್ಯಾರಾ ಅರ್ಥಮಾಡಿಕೊಳ್ಳಲು ಬೇಕಾಗುವುದೂ ಇದೇ ಜೋಡಣೆ.

ಗಟ್ಟಿಯಾಗಿ ಓದಿ ಹೇಳುವುದಕ್ಕೆ ಕನ್ನಡದಲ್ಲಿ ಇನ್ನೂ ಒಂದು ವಿಶೇಷ ಕಾರಣವಿದೆ. ನಾವಾಡುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. ಮನೆಯಲ್ಲಿ ‘ಬರ್ತವ್ನೆ’, ‘ಬರಾಕತ್ತಾನ’, ‘ಬರ್ತಾ ಇದಾನೆ’ ಎಂದು ಕೇಳಿದ ಮಗುವಿಗೆ ಪುಸ್ತಕ ‘ಬರುತ್ತಿದ್ದಾನೆ’ ಎನ್ನುತ್ತದೆ. ‘ಹಾಲು’ ಎಂಬುದನ್ನು ‘ಆಲು’ ಎಂದೇ ಕೇಳಿ ಬೆಳೆದ ಮಗು ‘ಹ’ ಬಿಟ್ಟು ಬರೆದರೆ ತಾನು ಕೇಳಿದ್ದನ್ನೇ ಬರೆದಿದೆ. ಮನೆಯ ಮಾತನ್ನು ತಿದ್ದಲು ಹೊರಟರೆ ಮಗು ಮಾತೇ ನಿಲ್ಲಿಸೀತು. ಅದರ ಬದಲು ದಿನಕ್ಕೊಂದು ಕಥೆಯನ್ನು ಪುಸ್ತಕದಲ್ಲಿ ಇದ್ದ ಹಾಗೇ ಓದಿ ಹೇಳಿದರೆ, ಆ ಎರಡನೇ ಕನ್ನಡವೂ ಕಿವಿಗೆ ಬಿದ್ದು ಪರಿಚಯವಾಗುತ್ತದೆ. ಅದೇ ಕಥೆಯನ್ನು ಹತ್ತನೇ ಸಲ ಕೇಳಿದರೂ ಬೇಸರಪಡಬೇಕಿಲ್ಲ. ಬೇಸರ ನಮಗೆ, ಮಗುವಿಗಲ್ಲ.

ಓದು ಬಾರದ ಪೋಷಕರು ಇಲ್ಲಿ ಸೋತವರೇನೂ ಅಲ್ಲ. ಬಾಯಿಂದ ಕಥೆ ಹೇಳುವುದು, ಒಗಟು ಕೇಳುವುದು, ‘ಕ’ದಿಂದ ಶುರುವಾಗುವ ಪದ ಹೇಳು ಎಂಬ ಆಟ ಆಡುವುದು, ಇವೆಲ್ಲ ಅಕ್ಷರದ ಹಂಗಿಲ್ಲದ ಕೆಲಸಗಳು. ಮಗು ಓದುವಾಗ ಮೊಬೈಲ್ ಬದಿಗಿಟ್ಟು ಕೇಳಿಸಿಕೊಂಡು ‘ಅಂದ್ರೆ ಏನಾಯ್ತು?’ ಎಂದು ಕೇಳಲು ಸಾಲು ಓದಲು ಬರಬೇಕಿಲ್ಲ.

ಮನೆಯ ಭಾಷೆ ಬೇರೆ, ಶಾಲೆಯ ಭಾಷೆ ಬೇರೆ ಆದಾಗ

ತುಳು, ಕೊಂಕಣಿ, ಉರ್ದು, ತೆಲುಗು, ಲಂಬಾಣಿ ಆಡುವ ಮನೆಗಳ ಮಕ್ಕಳಿಗೆ ಕನ್ನಡವೇ ಶಾಲೆಯಲ್ಲಿ ಕಲಿಯುವ ಹೊಸ ಭಾಷೆ. ಕನ್ನಡದ ಮನೆಯಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮಗುವಿನ ಸ್ಥಿತಿಯೂ ಅದೇ. ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಸಬೇಕೆಂದು ರಾಷ್ಟ್ರೀಯ ನೀತಿ ಹೇಳಿದೆ. ಪ್ರಾಥಮಿಕ ಹಂತದಲ್ಲಿ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ಪೋಷಕರದ್ದು ಎಂದು 2014ರ ಮೇನಲ್ಲಿ ಕರ್ನಾಟಕದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ವಾದ ಇಲ್ಲಿ ಬೇಡ, ಮಗು ಈಗಾಗಲೇ ಒಂದು ಶಾಲೆಯಲ್ಲಿದೆ.

ಇಂಥ ಮನೆಗಳು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಮಗುವಿನ ಜೊತೆ ಬಾರದ ಇಂಗ್ಲಿಷಿನಲ್ಲಿ ಮಾತಾಡಲು ಹೊರಡುವುದು. ‘ಕಮ್’, ‘ಈಟ್’, ‘ಸಿಟ್’ ಎಂಬಲ್ಲಿಗೆ ಸಂಭಾಷಣೆ ನಿಲ್ಲುತ್ತದೆ. ಕಾರಣ ಕೇಳುವ, ಊಹಿಸುವ, ವಾದ ಮಾಡುವ ಮಾತು ಆ ಮನೆಯಿಂದ ಮಾಯವಾಗುತ್ತದೆ. ಶಾಲೆಯಲ್ಲಿ ಅರ್ಧಂಬರ್ಧ ಅರ್ಥವಾದ ಇಂಗ್ಲಿಷ್ ಪಾಠವನ್ನು ಮನೆಯಲ್ಲಿ ತನ್ನ ಮಾತಿನಲ್ಲೇ ಹೇಳಲು ಬಿಟ್ಟರೆ, ಅರ್ಥ ಒಂದು ಭಾಷೆಯಲ್ಲಿ ಗಟ್ಟಿಯಾಗುತ್ತದೆ, ಇನ್ನೊಂದು ಭಾಷೆಯ ಪದಗಳು ಆಮೇಲೆ ಬಂದು ಅದಕ್ಕೆ ಅಂಟಿಕೊಳ್ಳುತ್ತವೆ.

‘ಥರ್ಟೀನ್’ ಬರೆ ಎಂದರೆ 31

ಲೆಕ್ಕದಲ್ಲಿ ಭಾಷೆಯ ಪಾತ್ರ ಎಷ್ಟಿದೆ ಎಂಬುದಕ್ಕೆ ಒಂದು ತಪ್ಪು ಸಾಕು. ‘ಥರ್ಟೀನ್’ ಎಂದು ಹೇಳಿ ಬರೆಸಿದರೆ ಹಲವು ಮಕ್ಕಳು 31 ಬರೆಯುತ್ತಾರೆ. ಯಾಕೆಂದರೆ ಕಿವಿಗೆ ಮೊದಲು ಬಿದ್ದದ್ದು ಮೂರು. ‘ಹದಿಮೂರು’ ಎಂದಾಗ ‘ಹದಿ’ ಮೊದಲು, ‘ಮೂರು’ ಆಮೇಲೆ, ಬರೆಯುವ ಕ್ರಮವೂ ಅದೇ. ಇಲ್ಲಿ ಕನ್ನಡ ಮಗುವಿನ ಕಡೆಗಿದೆ. ಹಾಗೆಂದು ಕನ್ನಡ ಎಲ್ಲೆಡೆ ಸಲೀಸೂ ಅಲ್ಲ. ‘ಎಂಬತ್ತೊಂಬತ್ತು’, ‘ತೊಂಬತ್ತೆಂಟು’ ಮಕ್ಕಳಿಗಿರಲಿ ಅವಸರದಲ್ಲಿ ದೊಡ್ಡವರಿಗೂ ಎಡವುತ್ತವೆ. ‘ನೂರ ಇಪ್ಪತ್ತು’ ಎಂದರೆ 10020 ಎಂದು ಬರೆಯುವ ಮಗು ಕೇಳಿದ್ದನ್ನು ಕೇಳಿದ ಹಾಗೇ ಇಳಿಸಿದೆ: ನೂರು, ಪಕ್ಕದಲ್ಲಿ ಇಪ್ಪತ್ತು.

ಈ ತಪ್ಪುಗಳೆಲ್ಲದರ ಬೇರು ಸ್ಥಾನಬೆಲೆಯಲ್ಲಿದೆ. ಒಂದರಿಂದ ನೂರು ಹತ್ತು ಸಲ ಬರೆಸಿದರೆ ಅದು ಸರಿಹೋಗುವುದಿಲ್ಲ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿ, ಒಂದು ಕಟ್ಟು ಮತ್ತು ಮೂರು ಬಿಡಿ ಎಂದರೆ 13, ಮೂರು ಕಟ್ಟು ಮತ್ತು ಒಂದು ಬಿಡಿ ಎಂದರೆ 31 ಎಂದು ಮಗುವೇ ಎಣಿಸಿ ನೋಡಿದರೆ ಎರಡರ ನಡುವಿನ ವ್ಯತ್ಯಾಸ ಕೈಗೇ ತಿಳಿಯುತ್ತದೆ. 13ರಿಂದ 5 ಕಳೆಯಲು ಕಟ್ಟು ಬಿಚ್ಚಬೇಕಾಗುತ್ತದೆ, ‘ಪಕ್ಕದಿಂದ ಕಡ ತರುವುದು’ ಎಂಬ ಮಾತಿನ ಅರ್ಥ ಅಲ್ಲೇ ಸಿಕ್ಕಿಬಿಡುತ್ತದೆ. ಬೆರಳು ಮಡಿಸಿ ಎಣಿಸುವುದನ್ನು ತಡೆಯಬೇಡಿ, ಅಗತ್ಯ ಮುಗಿದಾಗ ಅದು ತಾನಾಗಿ ಬಿಟ್ಟುಹೋಗುತ್ತದೆ. ಮಗ್ಗಿಗೆ ಎರಡನೇ ತರಗತಿಯಲ್ಲಿ ಅವಸರವಿಲ್ಲ.

ಪಕ್ಕದ ಮನೆಯ ಮಗುವಿನ ವಯಸ್ಸು

ರಾಜ್ಯದಲ್ಲಿ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮ 2025–26ರಿಂದ ಜಾರಿಯಾಗಬೇಕಿತ್ತು. ಪೋಷಕರ ಒತ್ತಾಯದ ಬಳಿಕ 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷಕ್ಕೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಪರಿಣಾಮವಾಗಿ ಆ ಬ್ಯಾಚಿನ ಒಂದೇ ಬೆಂಚಿನಲ್ಲಿ ಐದೂವರೆಯವರೂ ಆರು ದಾಟಿದವರೂ ಕೂತರು. ಆರರ ವಯಸ್ಸಿನಲ್ಲಿ ಎಂಟು ಹತ್ತು ತಿಂಗಳೆಂದರೆ ಸಣ್ಣ ಅಂತರ ಅಲ್ಲ. ಪೆನ್ಸಿಲ್ ಹಿಡಿಯುವ ಬೆರಳ ಬಲ, ಕೂತಲ್ಲಿ ಕೂರುವ ತಾಳ್ಮೆ, ಎರಡು ಸೂಚನೆ ಒಟ್ಟಿಗೆ ನೆನಪಿಡುವ ಶಕ್ತಿ ಎಲ್ಲದರಲ್ಲೂ ಅದು ಕಾಣುತ್ತದೆ. ಹಿಂದುಳಿದಿದೆ ಎನಿಸುವ ಮಗುವಿನ ಹುಟ್ಟಿದ ತಿಂಗಳು ನೋಡಿದರೆ ಎಷ್ಟೋ ಸಲ ಉತ್ತರ ಅಲ್ಲೇ ಇರುತ್ತದೆ.

ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಿರುವುದೂ ಅಪಾಯ. ಓದಿನಲ್ಲಿ ತೊಂದರೆ ಮುಂದುವರಿದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಬೇಕು. ಬೋರ್ಡ್ ಕಾಣದ ಮಗುವಿಗೆ ಅದು ಕಾಣುತ್ತಿಲ್ಲ ಎಂಬುದೇ ತಿಳಿದಿರುವುದಿಲ್ಲ. ನಿರ್ದಿಷ್ಟ ಕಲಿಕಾ ನ್ಯೂನತೆಗಳು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಬರುತ್ತವೆ, ಶಾಲೆಗಳು ಮೂರನೇ ತರಗತಿ ಅಥವಾ ಎಂಟು ವರ್ಷದ ಹೊತ್ತಿಗೆ ಇದಕ್ಕಾಗಿ ಮಕ್ಕಳನ್ನು ಗಮನಿಸಬೇಕೆಂದು 2018ರ ಮಾರ್ಗಸೂಚಿ ಹೇಳುತ್ತದೆ. ಆ ವಯಸ್ಸಿಗೂ ಮುನ್ನ ಮಗುವಿಗೆ ಹಣೆಪಟ್ಟಿ ಹಚ್ಚುವುದು ತಪ್ಪು, ಆ ವಯಸ್ಸು ಕಳೆದರೂ ಕಾಯುವುದು ಇನ್ನೂ ದೊಡ್ಡ ತಪ್ಪು.

ಈಗಿನಂತೆಯೇ ನಡೆದರೆ

ಹೋಮ್‌ವರ್ಕ್ ಇಲ್ಲ ಎಂದು ಶಾಲೆ ಕೈಬಿಟ್ಟು, ಮನೆಯೂ ಸುಮ್ಮನಾದರೆ ಅಂತರ ಹಿಗ್ಗುತ್ತದೆ. ಪುಸ್ತಕಗಳಿರುವ, ಮಾತುಕತೆಯಿರುವ ಮನೆಯ ಮಗುವಿಗೆ ನಿಯಮದಿಂದ ಆಟದ ಸಮಯ ಸಿಗುತ್ತದೆ. ಇನ್ನೊಂದು ಮನೆಯ ಮಗುವಿಗೆ ಸಿಗುವುದು ಮೊಬೈಲ್. ಯಾರ ಅನುಕೂಲಕ್ಕೆಂದು ನಿಯಮ ಬಂತೋ ಅವರೇ ನಷ್ಟ ಅನುಭವಿಸುವ ಸ್ಥಿತಿ ಅದು.

ಶಾಲೆಗಳು ನಿಯಮವನ್ನು ಗಾಳಿಗೆ ತೂರಿ ಪುಟ ಬರೆಸುತ್ತಲೇ ಹೋದರೆ, ಪೋಷಕರು ಸುಸ್ತಾಗಿ ಮಗುವನ್ನು ಟ್ಯೂಷನ್‌ಗೆ ದಾಟಿಸುತ್ತಾರೆ. ಗ್ರಾಮೀಣ ಭಾರತದಲ್ಲಿ ಹಣ ಕೊಟ್ಟು ಟ್ಯೂಷನ್‌ಗೆ ಹೋಗುವ ಒಂದರಿಂದ ಎಂಟನೇ ತರಗತಿಯ ಮಕ್ಕಳು 2018ರಲ್ಲಿ ಶೇ 26.4 ಇದ್ದದ್ದು 2022ಕ್ಕೆ ಶೇ 30.5 ಆಯಿತೆಂದು ಅಸರ್ ವರದಿ ಹೇಳಿತ್ತು. ಚಿಕ್ಕವರ ಟ್ಯೂಷನ್‌ನಲ್ಲಿ ಬಹುತೇಕ ನಡೆಯುವುದು ಅದೇ ಹೋಮ್‌ವರ್ಕ್ ಮುಗಿಸುವ ಕೆಲಸ. ಶಾಲೆ ಕೊಟ್ಟದ್ದನ್ನು ಟ್ಯೂಷನ್ ಮುಗಿಸುತ್ತದೆ, ಶಾಲೆ ಟಿಕ್ ಹಾಕುತ್ತದೆ, ಮಗುವಿಗೆ ಓದಲು ಬರುತ್ತದೋ ಇಲ್ಲವೋ ಎಂದು ಮೂವರಲ್ಲಿ ಯಾರೂ ನೋಡಿರುವುದಿಲ್ಲ. ಮನೆಯಲ್ಲೇ ಮಾಡಿಸಿದರೂ ದಿನದ ಕೊನೆಯಲ್ಲಿ ದಣಿದ ಇಬ್ಬರು ಎದುರುಬದುರು ಕೂತು, ಗದರಿಕೆ, ಅಳು, ಕೊನೆಗೆ ಅಮ್ಮನೇ ಬರೆದು ಮುಗಿಸುವುದು. ಪುಸ್ತಕ ಎಂದರೆ ಬೈಗುಳ ಎಂಬ ನಂಟು ಆರನೇ ವರ್ಷಕ್ಕೇ ಬೆಸೆದರೆ ಅದನ್ನು ಬಿಡಿಸಲು ಆಮೇಲೆ ಯಾವ ಯೋಜನೆಯಿಂದಲೂ ಸುಲಭವಿಲ್ಲ.

ನಡುವಿನ ದಾರಿಗೆ ಹೆಚ್ಚು ಹೊತ್ತು ಬೇಡ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಧಾರಾಳ ಸಾಕು, ಅದನ್ನೂ ಎರಡು ತುಂಡು ಮಾಡಬಹುದು. ಮಗುವಿಗೆ ಕಣ್ಣೆಳೆಯುತ್ತಿದ್ದರೆ ಅಂದು ಬಿಟ್ಟುಬಿಡಬಹುದು. ಓದುವಾಗ ತಪ್ಪಿದರೆ ತಕ್ಷಣ ಬಾಯಿ ಹಾಕದೆ ಮೂರು ಎಣಿಸುವಷ್ಟು ಕಾದರೆ ಹಲವು ಸಲ ಮಗುವೇ ತಿದ್ದಿಕೊಳ್ಳುತ್ತದೆ. ಆ ಮೂರು ಎಣಿಸುವುದು ದೊಡ್ಡವರಿಗೆ ಎಷ್ಟು ಕಷ್ಟವೆಂದು ಮಾಡಿ ನೋಡಿದವರಿಗೇ ಗೊತ್ತು.

ಶಾಲೆಯನ್ನು ಏನು ಕೇಳಬೇಕು

ಡೈರಿಯಲ್ಲಿ ಎರಡು ಪುಟದ ಸಾಲು ಬಂದಾಗ ‘ನಿಯಮ ಮುರಿದಿರಿ’ ಎಂದು ಜಗಳಕ್ಕೆ ಹೋದರೆ ಶಿಕ್ಷಕಿ ರಕ್ಷಣೆಗೆ ಇಳಿಯುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ‘ಮೇಡಂ, ಇದರಿಂದ ನಮ್ಮ ಮಗು ಏನು ಕಲಿಯಬೇಕು? ಅದನ್ನೇ ಬಾಯಲ್ಲಿ ಮಾಡಿಸಿದರೆ ಆಗುತ್ತದಾ?’ ಎಂದು ಕೇಳುವುದು ಬೇರೆ. ಬಹಳಷ್ಟು ಶಿಕ್ಷಕಿಯರಿಗೂ ಆ ಪುಟಗಳ ಮೇಲೆ ನಂಬಿಕೆಯಿಲ್ಲ, ಆಡಳಿತ ಮಂಡಳಿಗೋ ಇತರ ಪೋಷಕರಿಗೋ ತೋರಿಸಲು ಬರೆಸುತ್ತಿರುತ್ತಾರೆ. ನಾಲ್ಕು ಮನೆಯವರು ಸೇರಿ ‘ನಮಗೆ ತುಂಬಿದ ನೋಟ್‌ಬುಕ್ ಬೇಡ, ವಾರಕ್ಕೊಮ್ಮೆ ಲೈಬ್ರರಿಯ ಒಂದು ಕಥೆ ಪುಸ್ತಕ ಮನೆಗೆ ಕಳಿಸಿ’ ಎಂದರೆ ಶಿಕ್ಷಕಿಗೂ ಅದು ಬಲ. ಸರ್ಕಾರಿ ಶಾಲೆಯಲ್ಲಿ ಈ ಮಾತನ್ನು ಪೋಷಕರೂ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಎತ್ತಬಹುದು. ಶಿಕ್ಷೆ, ಅವಮಾನದವರೆಗೆ ವಿಷಯ ಹೋದಾಗ ಮಾತ್ರ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಡಬೇಕಾಗುತ್ತದೆ.

ಮೂರನೇ ತರಗತಿಯ ಜೂನ್‌ಗೆ ಈ ವಿನಾಯಿತಿ ಮುಗಿಯುತ್ತದೆ. ವಾರಕ್ಕೆ ಎರಡು ಗಂಟೆಯ ಹೋಮ್‌ವರ್ಕ್ ಅಧಿಕೃತವಾಗಿ ಶುರು, ಪರಿಸರ ಅಧ್ಯಯನದ ಪುಸ್ತಕದಲ್ಲಿ ಪ್ಯಾರಾಗಳು ಉದ್ದವಾಗುತ್ತವೆ, ಪ್ರಶ್ನೆಗಳು ‘ಯಾಕೆ’ ಎಂದು ಕೇಳತೊಡಗುತ್ತವೆ. ‘ಆಮೇಲೇನಾಯ್ತು’ ಎಂಬ ಪ್ರಶ್ನೆಗೆ ಎರಡು ವರ್ಷ ಉತ್ತರ ಹೇಳಿ ಅಭ್ಯಾಸವಾದ ಮಗುವಿಗೆ ಅದು ಹೊಸ ಪ್ರಶ್ನೆಯೇನಲ್ಲ.